ಗ್ರಂಥಪಾಲಕರ 23 ಪಾಠಗಳು

ಯಾವುದೇ ಸಂಶೋಧನ ಪ್ರಬಂಧದ ಅರಿಕೆಯ ಪುಟಗಳನ್ನು ತೆರೆದು ನೋಡಿದರೂ ಕೊನೆಯ ಸಾಲುಗಳಲ್ಲಿ ಒಂದು ವಾಕ್ಯ ಸಾಮಾನ್ಯವಾಗಿ ಇದ್ದೇ ಇರುತ್ತದೆ: ಗ್ರಂಥಗಳನ್ನು ಒದಗಿಸಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೆ ವಂದನೆಗಳು. ಆ ವಾಕ್ಯದಲ್ಲಿ ಹೆಸರುಗಳಿರುವುದು ವಿರಳ. ಸಾಹಿತ್ಯಚರಿತ್ರೆಯು ಕವಿಯನ್ನು ಸ್ಮರಿಸುತ್ತದೆ, ಆಶ್ರಯದಾತನನ್ನು ಸ್ಮರಿಸುತ್ತದೆ, ವ್ಯಾಖ್ಯಾನಕಾರನನ್ನೂ ಸಂಪಾದಕನನ್ನೂ ಸ್ಮರಿಸುತ್ತದೆ. ಅಪರೂಪಕ್ಕೆ ಪ್ರತಿಕಾರನನ್ನೂ ನೆನೆಯುತ್ತದೆ. ಆದರೆ ಕೃತಿಗೂ ಓದುಗನಿಗೂ ನಡುವೆ ನಿಂತ ಗ್ರಂಥಾಲಯದ ನೌಕರನು ತನ್ನ ಕೆಲಸವನ್ನು ಹೇಗೆ ಕಲಿತನು, ಉಪಕರಣಗಳು ಬದಲಾದಾಗ ಮತ್ತೆ ಹೇಗೆ ಕಲಿತನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಇದು ಕೇವಲ ಒಂದು ವೃತ್ತಿಯ ಒಳಗಿನ ವಿಚಾರವಲ್ಲ. ಸೂಚಿಯಲ್ಲಿ ಸಿಗದ ಗ್ರಂಥವು ಕಪಾಟಿನಲ್ಲಿದ್ದರೂ ಇಲ್ಲದಂತೆಯೇ. ಆದುದರಿಂದ ಸೂಚಿಯನ್ನು ಮಾಡುವವನ ಕಲಿಕೆಯ ಚರಿತ್ರೆಯು ಒಂದರ್ಥದಲ್ಲಿ ನಮ್ಮ ಓದಿನ ಚರಿತ್ರೆಯೂ ಆಗಿದೆ.

ಈ ಚರಿತ್ರೆಯ ಇತ್ತೀಚಿನ ಒಂದು ಅಧ್ಯಾಯವನ್ನು, ಅಂದರೆ 2006ರಲ್ಲಿ ಅಮೆರಿಕದ ಒಂದು ಸಾರ್ವಜನಿಕ ಗ್ರಂಥಾಲಯದ ನೌಕರರು ಅಂತರ್ಜಾಲದ ಹೊಸ ಉಪಕರಣಗಳನ್ನು ಕಲಿತ ಪ್ರಸಂಗವನ್ನು, ಅದರ ಹಿಂದುಮುಂದಿನ ಸಂಗತಿಗಳೊಂದಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಓಲೆಯಿಂದ ಕಾರ್ಡಿಗೆ

ನಮ್ಮಲ್ಲಿ ಗ್ರಂಥರಕ್ಷಣೆಯೆಂಬುದು ಬಹುಕಾಲ ಪ್ರತಿ ಮಾಡುವ ವಿದ್ಯೆಯೇ ಆಗಿದ್ದಿತು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ತಿಳಿದುದೇ ಆಗಿದೆ. ಓಲೆಯನ್ನು ಹದಗೊಳಿಸುವುದು, ಲೋಹದ ಲೇಖನಿಯಿಂದ ಅಕ್ಷರ ಕೊರೆಯುವುದು, ಮಸಿ ತೊಡೆದು ಅದನ್ನು ಕಾಣಿಸುವುದು, ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಿಡುವುದು - ಈ ಕ್ರಮವು ನೂರಾರು ವರ್ಷ ಹೆಚ್ಚು ಮಾರ್ಪಡಲಿಲ್ಲ. ತಂದೆ ಕಲಿತದ್ದನ್ನು ಮಗನು ಕಲಿತರೆ ಸಾಕಾಗುತ್ತಿದ್ದಿತು. ಆ ಓಲೆಗಳು ಎಲ್ಲೆಲ್ಲಿವೆ, ಯಾವ ಕಟ್ಟಿನಲ್ಲಿ ಯಾವ ಕೃತಿಯಿದೆ ಎಂಬುದನ್ನು ಹೊರಗಿನವರಿಗೆ ತಿಳಿಸುವ ಸೂಚಿಗಳು ಸಿದ್ಧವಾದದ್ದು ಬಹಳ ತಡವಾಗಿ. ಮೂಡುಬಿದಿರೆ ಮೊದಲಾದ ಕಡೆಗಳ ಭಂಡಾರಗಳನ್ನು ಶೋಧಿಸಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಕೃತಿ ಉಳಿಯುವುದು ಒಂದು ಕಾರ್ಯ, ಅದು ಸಿಗುವುದು ಇನ್ನೊಂದು ಕಾರ್ಯ ಎಂಬ ಭೇದವು ಇಂತಹ ಸೂಚಿಗಳಿಂದ ಸ್ಪಷ್ಟವಾಗುತ್ತದೆ.

ಈ ಎರಡನೆಯ ಕಾರ್ಯವನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸುವ ಪ್ರಯತ್ನ ಪಶ್ಚಿಮದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಲಗೊಂಡಿತು. ಮೆಲ್ವಿಲ್ ಡ್ಯೂಯಿಯ ದಶಾಂಶ ವರ್ಗೀಕರಣವು 1876ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಗ್ರಂಥಾಲಯ ಸಂಘವೂ ಸ್ಥಾಪಿತವಾಯಿತು. 1887ರಲ್ಲಿ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಾಲಯ ಶಾಲೆಯೊಂದನ್ನು ತೆರೆದನು. ಅಂತಹ ಶಾಲೆಗಳಲ್ಲಿ ಕಲಿಸುತ್ತಿದ್ದ ವಿಷಯಗಳಲ್ಲಿ ಕೈಬರಹವೂ ಒಂದು ಎಂಬುದು ಇಂದು ಆಶ್ಚರ್ಯ ತರಬಹುದು. ಸೂಚಿಯ ಕಾರ್ಡುಗಳನ್ನು ಯಾವ ನೌಕರನು ಬರೆದರೂ ಒಂದೇ ಬಗೆಯಾಗಿ ಕಾಣಬೇಕು, ಓದುಗನಿಗೆ ತೊಡಕಾಗಬಾರದು ಎಂಬ ಕಾರಣದಿಂದ ಗ್ರಂಥಾಲಯಕ್ಕೆಂದೇ ದುಂಡನೆಯ, ಅಲಂಕಾರವಿಲ್ಲದ ಒಂದು ಬರಹವನ್ನು ರೂಪಿಸಿ ಅಭ್ಯಾಸ ಮಾಡಿಸುತ್ತಿದ್ದರು. ತನ್ನ ಹಸ್ತಾಕ್ಷರದ ಗುರುತನ್ನು ಅಳಿಸಿಕೊಳ್ಳುವುದೇ ಅಲ್ಲಿ ನೌಕರನ ಮೊದಲ ಪಾಠ. ಮುಂದೆ ಬೆರಳಚ್ಚು ಯಂತ್ರ ಬಂದಿತು. ಕಷ್ಟಪಟ್ಟು ಕಲಿತ ಆ ಬರಹಕ್ಕೆ ಕೆಲಸವಿಲ್ಲದಂತಾಯಿತು. ಆದರೆ ಒಂದೇ ಕ್ರಮವನ್ನು ಎಲ್ಲರೂ ಪಾಲಿಸಬೇಕೆಂಬ ಶಿಸ್ತು ಬರಹದೊಂದಿಗೆ ಹೋಗಲಿಲ್ಲ; ಅದು ಬೆರಳಚ್ಚಿನ ಕಾರ್ಡಿಗೂ ಸಂದಿತು.

ಈ ಶಿಕ್ಷಣ ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಬರೋಡಾದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕನನ್ನು ಕರೆಸಿಕೊಂಡರು. ಮರುವರ್ಷ ಅಲ್ಲಿ ತರಬೇತಿಯ ತರಗತಿ ಆರಂಭವಾಯಿತು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಎಸ್. ಆರ್. ರಂಗನಾಥನ್ ಅವರು ಅದಕ್ಕೆ ಮೊದಲು ಗಣಿತದ ಅಧ್ಯಾಪಕರು. ಗ್ರಂಥಾಲಯದ ಕೆಲಸದಲ್ಲಿ ಅವರಿಗೆ ಆರಂಭದಲ್ಲಿ ರುಚಿಯಿರಲಿಲ್ಲ. ಮರಳಿ ಪಾಠ ಹೇಳುವ ವೃತ್ತಿಗೇ ಹೋಗಬೇಕೆಂದಿದ್ದರು. ಲಂಡನ್ನಿನ ಅಧ್ಯಯನ ಅವರ ಮನಸ್ಸನ್ನು ತಿರುಗಿಸಿತು. ಅಲ್ಲಿನ ಅಂಗಡಿಯೊಂದರಲ್ಲಿ ಕಂಡ, ಬಿಡಿಭಾಗಗಳನ್ನು ಕೂಡಿಸಿ ಬಗೆಬಗೆಯ ಆಕೃತಿಗಳನ್ನು ಕಟ್ಟುವ ಮೆಕ್ಕಾನೊ ಎಂಬ ಆಟಿಕೆಯಿಂದ ಅವರಿಗೆ ದ್ವಿಬಿಂದು ವರ್ಗೀಕರಣದ ಕಲ್ಪನೆ ಹೊಳೆಯಿತೆಂಬುದು ಪ್ರಸಿದ್ಧವಾಗಿದೆ. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳೂ 1933ರಲ್ಲಿ ದ್ವಿಬಿಂದು ವರ್ಗೀಕರಣವೂ ಪ್ರಕಟವಾದುವು. ಗ್ರಂಥಾಲಯವು ಬೆಳೆಯುವ ಜೀವಿ ಎಂಬ ಅವರ ಐದನೆಯ ಸೂತ್ರವನ್ನು ಪುಸ್ತಕಗಳ ಸಂಖ್ಯೆಗೆ ಮಾತ್ರ ಅನ್ವಯಿಸುವುದು ವಾಡಿಕೆ. ನೌಕರನೂ ಆ ಜೀವಿಯ ಅಂಗವೇ ಆದುದರಿಂದ ಅವನೂ ಬೆಳೆಯಬೇಕೆಂಬ ಅರ್ಥ ಅದರಲ್ಲಿ ಅಡಗಿದೆ.

ಅನಂತರದ ಬದಲಾವಣೆ ಗಣಕಯಂತ್ರದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1960ರ ದಶಕದಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬಾಕೆ, ಗ್ರಂಥದ ವಿವರಗಳನ್ನು ಯಂತ್ರವು ಓದಬಲ್ಲಂತೆ ದಾಖಲಿಸುವ ಮಾರ್ಕ್ ಎಂಬ ವಿನ್ಯಾಸವನ್ನು ರೂಪಿಸಿದಳು. 1971ರ ಆಗಸ್ಟಿನಲ್ಲಿ ಓಹಾಯೊ ವಿಶ್ವವಿದ್ಯಾಲಯದ ಗ್ರಂಥಾಲಯವು ಓಸಿಎಲ್‌ಸಿ ಎಂಬ ಸಂಸ್ಥೆಯ ಜಾಲದ ಮೂಲಕ ಸೂಚೀಕರಣವನ್ನು ಆರಂಭಿಸಿತು. ಒಂದು ಕಡೆ ಮಾಡಿದ ದಾಖಲೆಯನ್ನು ಇನ್ನೊಂದು ಕಡೆ ಬಳಸಿಕೊಳ್ಳುವ ಸೌಲಭ್ಯ ಹೀಗೆ ಒದಗಿತು. ಆದರೂ ಹಳೆಯದು ಕೂಡಲೇ ತೊಲಗಲಿಲ್ಲ: ಅದೇ ಸಂಸ್ಥೆಯು ಕಾರ್ಡುಗಳನ್ನು ಮುದ್ರಿಸುವುದನ್ನು ನಿಲ್ಲಿಸಿದ್ದು 2015ರಲ್ಲಿ.

ಷಾರ್ಲಟ್ ನಗರದ ಪ್ರಯೋಗ

21ನೆಯ ಶತಮಾನದ ಆರಂಭದಲ್ಲಿ ಗ್ರಂಥಾಲಯದ ನೌಕರರು ಎದುರಿಸಿದ ಸಮಸ್ಯೆ ಹಿಂದಿನವುಗಳಿಗಿಂತ ಭಿನ್ನವಾಗಿದ್ದಿತು. ಕಾರ್ಡು, ಬೆರಳಚ್ಚು, ಮಾರ್ಕ್ - ಇವೆಲ್ಲವೂ ಗ್ರಂಥಾಲಯದ ಒಳಗಿನಿಂದ ಬಂದ ಅಥವಾ ಗ್ರಂಥಾಲಯಕ್ಕೆಂದು ಹೊಂದಿಸಿದ ಉಪಕರಣಗಳು. ನೌಕರನು ಮೊದಲು ಕಲಿಯುತ್ತಿದ್ದನು, ಓದುಗನು ಅವನಿಂದ ತಿಳಿಯುತ್ತಿದ್ದನು. 1998ರಲ್ಲಿ ಗೂಗಲ್ ಬಂದ ಮೇಲೆ ಈ ಕ್ರಮ ತಿರುಗಿಬಿದ್ದಿತು. ಓದುಗನು ಹೊಸ ಉಪಕರಣವನ್ನು ಮೊದಲು ಹಿಡಿದನು. ನೌಕರನು ಅವನ ಹಿಂದೆ ಹೋಗಬೇಕಾಯಿತು. ಬಳಕೆದಾರರೇ ಬರೆದು, ಚಿತ್ರ ಸೇರಿಸಿ, ಹಂಚಿಕೊಳ್ಳುವ ಜಾಲತಾಣಗಳಿಗೆ ವೆಬ್ 2.0 ಎಂಬ ಹೆಸರು ರೂಢಿಗೆ ಬಂದಾಗ, 2005ರಲ್ಲಿ ಮೈಕೆಲ್ ಕೇಸಿ ಎಂಬ ಗ್ರಂಥಪಾಲಕನು ಅದೇ ಮಾದರಿಯಲ್ಲಿ ಲೈಬ್ರರಿ 2.0 ಎಂಬ ಪದವನ್ನು ಬಳಕೆಗೆ ತಂದನು. ಚರ್ಚೆಗಳು ಬಹಳ ನಡೆದುವು. ಆದರೆ ಪುಸ್ತಕ ಕೊಡುವ ಮೇಜಿನ ಹಿಂದೆ ಕುಳಿತ ಸಾಮಾನ್ಯ ನೌಕರನು ಇದನ್ನೆಲ್ಲ ಎಲ್ಲಿ, ಯಾರಿಂದ ಕಲಿಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದ್ದಿತು.

ಅದಕ್ಕೆ ಒಂದು ಉತ್ತರ ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಷಾರ್ಲಟ್ ನಗರದಿಂದ ಬಂದಿತು. ಅಲ್ಲಿನ ಷಾರ್ಲಟ್ ಮತ್ತು ಮೆಕ್ಲೆನ್‌ಬರ್ಗ್ ಕೌಂಟಿ ಸಾರ್ವಜನಿಕ ಗ್ರಂಥಾಲಯದಲ್ಲಿ ತಂತ್ರಜ್ಞಾನ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಹೆಲೀನ್ ಬ್ಲೋವರ್ಸ್ ಅವರು 2006ರ ಆಗಸ್ಟಿನಲ್ಲಿ ಲರ್ನಿಂಗ್ 2.0 ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. 9 ವಾರಗಳಿಗೆ ಹಂಚಿದ 23 ಚಿಕ್ಕ ಅಭ್ಯಾಸಗಳು ಅದರಲ್ಲಿದ್ದುದರಿಂದ ಅದು 23 ಸಂಗತಿಗಳು ಎಂಬ ಅರ್ಥದ ಹೆಸರಿನಿಂದಲೇ ಹೆಚ್ಚು ಪ್ರಸಿದ್ಧವಾಯಿತು. ಅದೇ ವರ್ಷದ ಆರಂಭದಲ್ಲಿ ಸ್ಟೀಫನ್ ಏಬ್ರಮ್ ಅವರು, ಗ್ರಂಥಪಾಲಕನು ಈ ವರ್ಷ ಮಾಡಿನೋಡಬಹುದಾದ 43 ಕೆಲಸಗಳನ್ನು ಪಟ್ಟಿ ಮಾಡಿ ಬರೆದ ಲೇಖನವೊಂದು ಬ್ಲೋವರ್ಸ್ ಅವರಿಗೆ ಪ್ರೇರಣೆಯಾಗಿದ್ದಿತು.

ಕಾರ್ಯಕ್ರಮದ ರಚನೆ ಗಮನಾರ್ಹವಾದುದು. ಅಲ್ಲಿ ತರಗತಿಯಿಲ್ಲ, ಪರೀಕ್ಷೆಯಿಲ್ಲ. ಪ್ರತಿಯೊಬ್ಬ ನೌಕರನೂ ತನ್ನದೇ ಬ್ಲಾಗ್ ಒಂದನ್ನು ತೆರೆಯಬೇಕು. ಪ್ರತಿ ಅಭ್ಯಾಸವನ್ನು ತನ್ನ ವೇಗದಲ್ಲಿ ಮಾಡಿ, ತಿಳಿದದ್ದೇನು, ತಿಳಿಯದದ್ದೇನು ಎಂದು ಅದರಲ್ಲಿ ಬರೆಯಬೇಕು. ಸ್ವಂತ ಹೆಸರನ್ನು ಮರೆಮಾಡಿ ಬರೆಯಲೂ ಅವಕಾಶವಿದ್ದಿತು. ತಿಳಿಯದೆಂದು ಒಪ್ಪಿಕೊಳ್ಳಲು ಹಿಂಜರಿಯುವ ಹಿರಿಯ ನೌಕರರಿಗೆ ಈ ಅವಕಾಶ ಎಷ್ಟು ದೊಡ್ಡದೆಂಬುದನ್ನು ಕಚೇರಿಗಳಲ್ಲಿ ದುಡಿದವರೆಲ್ಲ ಬಲ್ಲರು. ಮೊದಲ ವಾರದಲ್ಲಿಯೇ ಜೀವನಪರ್ಯಂತ ಕಲಿಯುವವರ ಏಳೂವರೆ ಅಭ್ಯಾಸಗಳ ಪಾಠವಿದ್ದಿತು. ಕೊನೆಯ ಆ ಅರ್ಧ ಅಭ್ಯಾಸವೆಂದರೆ ಆಟ. ಎಲ್ಲವನ್ನೂ ಪೂರ್ಣಗೊಳಿಸಿದವರಿಗೆ ಎಂಪಿ3 ಪ್ಲೇಯರ್ ಬಹುಮಾನವಾಗಿ ದೊರೆಯುತ್ತಿದ್ದಿತು. ಬಹುಮಾನವೂ ಕಲಿಯಬೇಕಾದ ಒಂದು ಉಪಕರಣವೇ ಆಗಿದ್ದುದು ಕಾರ್ಯಕ್ರಮದ ಜಾಣ್ಮೆ.

ಇನ್ನು ಪಠ್ಯವನ್ನು ನೋಡೋಣ. ಬ್ಲಾಗಿನ ಅನಂತರ ಫ್ಲಿಕರ್‌ನಲ್ಲಿ ಚಿತ್ರಗಳು. ಬಳಿಕ ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತರಿಸಿಕೊಳ್ಳುವ ಆರ್‌ಎಸ್‌ಎಸ್ ಮತ್ತು ಬ್ಲಾಗ್‌ಲೈನ್ಸ್. ಐದನೆಯ ವಾರ ಆಟದ ವಾರ, ಅದರಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಸೂಚೀಕರಿಸಿಕೊಳ್ಳುವ ಲೈಬ್ರರಿಥಿಂಗ್ ಮತ್ತು ತಮಗೆ ಬೇಕಾದ ತಾಣಗಳಲ್ಲಷ್ಟೇ ಹುಡುಕುವ ರೋಲಿಯೊ. ಮುಂದೆ ಡೆಲಿಶಿಯಸ್, ಟೆಕ್ನೊರಾಟಿ, ವಿಕಿ. ಅನಂತರ ಜಾಲದಲ್ಲಿಯೇ ಬರೆದು ತಿದ್ದುವ ಜೋಹೊ ರೈಟರ್. ಕೊನೆಗೆ ಧ್ವನಿ ಮತ್ತು ದೃಶ್ಯದ ತಾಣಗಳು. ಜೋಹೊ ಅಂದು ಚೆನ್ನೈಯ ಎಂಜಿನಿಯರುಗಳು ಕಟ್ಟುತ್ತಿದ್ದ ಉಪಕರಣ. ಷಾರ್ಲಟ್‌ನ ನೌಕರರ ಪಠ್ಯದಲ್ಲಿ ನಮ್ಮ ನೆರೆಯ ನಗರದ ಕೈಗೆಲಸವೂ ಹೀಗೆ ಸೇರಿದ್ದಿತು. 23ನೆಯ ಅಭ್ಯಾಸದಲ್ಲಿ ಹೊಸ ಉಪಕರಣವಿರಲಿಲ್ಲ. ಇಷ್ಟು ದಿನ ಕಲಿತದ್ದನ್ನು ತಾನೇ ಹಿಂತಿರುಗಿ ನೋಡಿ ಬರೆಯುವುದೇ ಆ ಪಾಠ.

ಬ್ಲೋವರ್ಸ್ ಅವರು ಇಡೀ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾಗಿಟ್ಟರು. ಯಾವ ಗ್ರಂಥಾಲಯವಾದರೂ ಅದನ್ನು ಪ್ರತಿ ಮಾಡಿ, ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದಾಗಿದ್ದಿತು. ಆಸ್ಟ್ರೇಲಿಯದ ಮೆಲ್ಬರ್ನ್ ಪ್ರದೇಶದ ಯಾರಾ ಪ್ಲೆಂಟಿ ಗ್ರಂಥಾಲಯ 2006ರಲ್ಲಿಯೇ ಅದನ್ನು ಅನುಸರಿಸಿತು. ನೆದರ್ಲೆಂಡ್ಸ್‌ನಲ್ಲಿ ಡಚ್ ಭಾಷೆಯ ರೂಪ ಬಂದಿತು. 2010ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಗ್ರಂಥಪಾಲಕರೂ ತಮ್ಮ ತಮ್ಮ 23 ಸಂಗತಿಗಳನ್ನು ರೂಪಿಸಿಕೊಂಡರು. ಪ್ರತಿ ಮಾಡಿ ಹಂಚುವುದರಿಂದಲೇ ಕೃತಿ ಬಾಳುತ್ತದೆಂಬ, ಓಲೆಯ ಕಾಲದಿಂದ ಬಂದ ಮಾತಿಗೆ ಇದೊಂದು ಹೊಸ ನಿದರ್ಶನ.

ಲಾಭ ಮತ್ತು ನಷ್ಟ

ಈ ಪಾಠಗಳಲ್ಲಿ ಗ್ರಂಥಾಲಯದ ಮೂಲತತ್ತ್ವವನ್ನೇ ಪ್ರಶ್ನಿಸಿದ್ದು ಟ್ಯಾಗ್ ಹಾಕುವ ಅಭ್ಯಾಸ. ಡ್ಯೂಯಿಯಾಗಲಿ ರಂಗನಾಥನ್ ಆಗಲಿ, ವಿಷಯಗಳ ವಿಂಗಡಣೆ ಶಾಸ್ತ್ರಬದ್ಧವಾಗಿರಬೇಕು, ಪರಿಣತರಿಂದಲೇ ಆಗಬೇಕು ಎಂದು ನಂಬಿದವರು. ಡೆಲಿಶಿಯಸ್, ಫ್ಲಿಕರ್‌ಗಳಲ್ಲಿ ಯಾರು ಬೇಕಾದರೂ ತಮಗೆ ತೋಚಿದ ಪದವನ್ನು ಗುರುತಾಗಿ ಅಂಟಿಸಬಹುದಾಗಿದ್ದಿತು. ಇದಕ್ಕೆ ಥಾಮಸ್ ವಾಂಡರ್ ವಾಲ್ 2004ರಲ್ಲಿ ಫೋಕ್ಸಾನಮಿ, ಅಂದರೆ ಜನರ ವರ್ಗೀಕರಣ ಎಂಬ ಹೆಸರಿತ್ತನು. ಇದರಿಂದ ಅರಾಜಕತೆಯೇ ಆಗುವುದೆಂಬ ಭಯ ನಿರಾಧಾರವಾದುದೇನಲ್ಲ. ಆದರೆ 2008ರ ಜನವರಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸುಮಾರು 3000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್‌ನಲ್ಲಿ ಇಟ್ಟಾಗ, ಚಿತ್ರದಲ್ಲಿರುವ ಊರು, ಕಟ್ಟಡ, ವ್ಯಕ್ತಿಗಳನ್ನು ಗುರುತಿಸಿ ಸಾಮಾನ್ಯ ಜನರು ಕೊಟ್ಟ ಮಾಹಿತಿಯಿಂದ ಆ ಸಂಸ್ಥೆಯು ತನ್ನ ನೂರಾರು ದಾಖಲೆಗಳನ್ನು ತಿದ್ದಿಕೊಂಡಿತು. ಅಲ್ಲಿಯೂ ಜನರು ಹೇಳಿದ್ದನ್ನು ಪರಿಶೀಲಿಸಿ, ಸರಿಯಾದುದನ್ನು ಸೂಚಿಗೆ ಸೇರಿಸಿದವರು ಗ್ರಂಥಾಲಯದ ನೌಕರರೇ. ಜನರ ತಿಳಿವಳಿಕೆ ಮತ್ತು ಪರಿಣತರ ವಿವೇಕ ಕೂಡಿದಲ್ಲಿ ಮಾತ್ರ ಫಲ ದೊರೆಯಿತೆಂಬುದನ್ನು ಗಮನಿಸಬೇಕು.

ನಷ್ಟದ ಪಕ್ಷವೂ ಇದೆ. 9 ವಾರಗಳ ಆ ಪಠ್ಯವನ್ನು ಇಂದು ತೆರೆದರೆ ಅದು ಶಿಥಿಲ ಶಾಸನದಂತೆ ಕಾಣುತ್ತದೆ. ಬ್ಲಾಗ್‌ಲೈನ್ಸ್ ಇಲ್ಲ, ರೋಲಿಯೊ ಇಲ್ಲ. ಡೆಲಿಶಿಯಸ್ ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ಹೊಸ ಬರಹಗಳಿಗೆ ಬಾಗಿಲು ಮುಚ್ಚಿತು. ಬ್ಲಾಗ್‌ಲೈನ್ಸ್‌ನ ಬದಲಿಗೆ ಅನೇಕರು ಹಿಡಿದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಓಲೆಯ ವಿದ್ಯೆ ಶತಮಾನಗಳು ಬಾಳಿತು, ಕಾರ್ಡಿನ ವಿದ್ಯೆ ಒಂದು ಶತಮಾನ ಬಾಳಿತು. ಈ ಉಪಕರಣಗಳಲ್ಲಿ ಕೆಲವಕ್ಕೆ ಒಂದು ದಶಕದ ಆಯುಷ್ಯವೂ ಇರಲಿಲ್ಲ. ಖಾಸಗಿ ಸಂಸ್ಥೆಗಳ ಲಾಭನಷ್ಟಕ್ಕೆ ಅಧೀನವಾದ ತಾಣಗಳನ್ನು ಗ್ರಂಥಾಲಯವು ನಂಬಿ ಎಷ್ಟು ದೂರ ಹೋಗಬೇಕೆಂಬ ಪ್ರಶ್ನೆಯನ್ನು ಆ 23 ಪಾಠಗಳಲ್ಲಿ ಒಂದೂ ಕೇಳಿರಲಿಲ್ಲ. ಕಲಿಕೆಯಿಂದ ಉದ್ಯೋಗ ಸುರಕ್ಷಿತವಾಗುತ್ತದೆಂಬ ಭರವಸೆಯೂ ಪೂರ್ತಿ ನಿಲ್ಲಲಿಲ್ಲ. 2010ರ ಆರ್ಥಿಕ ಮುಗ್ಗಟ್ಟಿನಲ್ಲಿ ಷಾರ್ಲಟ್‌ನ ಅದೇ ಗ್ರಂಥಾಲಯವು ಶಾಖೆಗಳನ್ನು ಮುಚ್ಚುವ, ನೌಕರರನ್ನು ಕೆಲಸದಿಂದ ಬಿಡಿಸುವ ಸ್ಥಿತಿಗೆ ಬಂದಿತು. ಜಗತ್ತಿಗೆ ಪಾಠ ಬರೆದುಕೊಟ್ಟ ಸಂಸ್ಥೆಗೂ ಆ ಪಾಠವು ರಕ್ಷಾಕವಚವಾಗಲಿಲ್ಲ.

ಹಾಗಾದರೆ ಉಳಿದದ್ದೇನು? ಹೊಸದನ್ನು ಕಂಡಾಗ ಅಂಜದೆ ಮುಟ್ಟಿನೋಡುವುದು, ಮಾಡಿದ್ದನ್ನು ಬರೆದಿಡುವುದು, ಬಲ್ಲವರು ಅರಿಯದವರಿಗೆ ಹೇಳಿಕೊಡುವುದು - ಈ ಮೂರು ಅಭ್ಯಾಸಗಳು. ಗ್ರಂಥಾಲಯದ ಬರಹ ಹೋದರೂ ಅದರ ಶಿಸ್ತು ಉಳಿದಂತೆಯೇ ಇದು ಕೂಡ.

ಕನ್ನಡದ ಸಂದರ್ಭ

ಈ ಚರಿತ್ರೆಗೆ ಕರ್ನಾಟಕದ ನಂಟು ಇಲ್ಲದಿಲ್ಲ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು; 1962ರಲ್ಲಿ ಅವರು ಅಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಗಣಕಯುಗದ ಗ್ರಂಥಪಾಲಕರನ್ನು ತಯಾರು ಮಾಡಿತು. ದೇಶದ ಮೊದಲ ಸಾಂಸ್ಥಿಕ ಡಿಜಿಟಲ್ ಸಂಗ್ರಹವೆನಿಸಿದ ಇಪ್ರಿಂಟ್ಸ್ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು. ಆದರೆ ಇವು ಬಹುಮಟ್ಟಿಗೆ ಇಂಗ್ಲಿಷ್ ಭಾಷೆಯ ವಿಜ್ಞಾನ ಬರಹಗಳಿಗೆ ಸಂಬಂಧಿಸಿದವು. ಕನ್ನಡ ಸಾಹಿತ್ಯದ ಸಂಶೋಧಕನಿಗೆ ಎದುರಾಗುವ ತೊಡಕುಗಳು ಬೇರೆಯೇ ಆಗಿವೆ.

ಮೊದಲನೆಯದು ಲಿಪಿಯದು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. ಆದರೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬಹುಕಾಲ ಬೆರಳಚ್ಚು ನಡೆಯಿತು. ಅಂತಹ ಕಡತವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಜಾಲಕ್ಕೆ ಏರಿಸಿದರೆ, ಹುಡುಕುವವನಿಗೆ ಅದು ಎಂದೂ ಸಿಗದು. ಎರಡನೆಯದು ಲಿಪ್ಯಂತರದ್ದು. 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋದುವು. ಅವುಗಳಲ್ಲಿ ಕನ್ನಡದವೂ ಇವೆ. ಅವುಗಳ ದಾಖಲೆಗಳು ಬಹುಕಾಲ ರೋಮನ್ ಲಿಪಿಯಲ್ಲಿಯೇ ಇದ್ದುವು. ದೀರ್ಘಕ್ಕೆ ಮೇಲುಗೆರೆ, ಳಕಾರಕ್ಕೆ ಕೆಳಚುಕ್ಕೆ ಎಂಬ ಕ್ರಮವನ್ನು ಅರಿಯದವನು ಅಲ್ಲಿ ತನ್ನ ನಾಡಿನ ಕೃತಿಯನ್ನೇ ಹುಡುಕಲಾರನು.

ಮೂರನೆಯದು ಇನ್ನೂ ಸೂಕ್ಷ್ಮವಾದುದು. ಸೂಚಿಯ ಅರ್ಜಿಯಲ್ಲಿ ಕರ್ತೃವಿನ ಹೆಸರಿಗೆ ಒಂದು ಮನೆಯಿದೆ. ಕವಿರಾಜಮಾರ್ಗದ ಎದುರು ನೌಕರನು ಯಾರ ಹೆಸರನ್ನು ಬರೆಯಬೇಕು, ನೃಪತುಂಗನದೋ ಶ್ರೀವಿಜಯನದೋ? ವಡ್ಡಾರಾಧನೆಯ ಎದುರು ಶಿವಕೋಟ್ಯಾಚಾರ್ಯನೆಂದು ಬರೆದರೆ, ಆ ಕರ್ತೃತ್ವವನ್ನು ಒಪ್ಪದ ವಿದ್ವಾಂಸರ ವಾದ ಎಲ್ಲಿ ಹೋಗಬೇಕು? ನಾಗಚಂದ್ರನೂ ಅಭಿನವ ಪಂಪನೂ ಒಬ್ಬನೇ ಎಂದು ಯಂತ್ರಕ್ಕೆ ತಿಳಿಸುವವರು ಯಾರು? ಇಬ್ಬರು ನಾಗವರ್ಮರನ್ನು ಬೇರ್ಪಡಿಸುವವರು ಯಾರು? ವಿದ್ವತ್ತು ಹಲವು ದಶಕ ಚರ್ಚಿಸಿದ ಪ್ರಶ್ನೆಗೆ ಸೂಚಿಯು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಡುತ್ತದೆ; ಮುಂದಿನ ಓದುಗನು ಆ ತೀರ್ಪನ್ನೇ ಸತ್ಯವೆಂದು ತಿಳಿಯುತ್ತಾನೆ. ಪರ್ಯಾಯ ನಾಮಗಳನ್ನು ಜೋಡಿಸುವ, ಸಂದೇಹವನ್ನು ಟಿಪ್ಪಣಿಯಲ್ಲಿ ಸೂಚಿಸುವ ಸೌಲಭ್ಯಗಳು ಈಗಿನ ಉಪಕರಣಗಳಲ್ಲಿವೆ. ಅವನ್ನು ಬಳಸಲು ಯಂತ್ರಜ್ಞಾನದೊಂದಿಗೆ ಸಾಹಿತ್ಯಚರಿತ್ರೆಯ ಜ್ಞಾನವೂ ಬೇಕು. ಇಲ್ಲಿ ಗ್ರಂಥಪಾಲಕನಿಗೂ ಸಾಹಿತ್ಯದ ವಿದ್ಯಾರ್ಥಿಗೂ ಪರಸ್ಪರ ಸಹಾಯ ಅನಿವಾರ್ಯ.

ನಮ್ಮ ಕಾಲೇಜುಗಳ, ನಗರಗಳ, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ ದುಡಿಯುವವರು ಇಂದು ಈ ಕಲಿಕೆಯ ನಡುವೆಯೇ ಇದ್ದಾರೆ. ಷಾರ್ಲಟ್‌ನ 23 ಪಾಠಗಳನ್ನು ಹಾಗೆಯೇ ಅವರ ಮುಂದಿಡುವುದರಿಂದ ಪ್ರಯೋಜನವಿಲ್ಲ. ಅವುಗಳಲ್ಲಿ ಅನೇಕ ಉಪಕರಣಗಳು ಈಗಾಗಲೇ ಅಳಿದುಹೋಗಿವೆ. ಕನ್ನಡಕ್ಕೆ ಬೇಕಾದ ಪಾಠಗಳು ಬೇರೆ: ಹಳೆಯ ಅಕ್ಷರವಿನ್ಯಾಸವನ್ನು ಯೂನಿಕೋಡ್‌ಗೆ ತರುವುದು, ಲಿಪ್ಯಂತರದ ನಿಯಮವನ್ನರಿಯುವುದು, ಕವಿನಾಮಗಳ ಪರ್ಯಾಯಗಳನ್ನು ದಾಖಲಿಸುವುದು, ಹಸ್ತಪ್ರತಿಯ ಛಾಯಾಚಿತ್ರಕ್ಕೆ ತಕ್ಕ ವಿವರ ಬರೆಯುವುದು, ಒಂದು ತಾಣ ಮುಚ್ಚಿದರೂ ಉಳಿಯುವಂತೆ ಕಡತವನ್ನು ಹಲವು ಕಡೆ ಇಡುವುದು. ಈ ಕೊನೆಯ ಪಾಠವನ್ನು ಅತ್ತಿಮಬ್ಬೆಯ ಕಾಲವು ಚೆನ್ನಾಗಿ ಬಲ್ಲದಾಗಿದ್ದಿತು. ಇಂತಹ ಪಠ್ಯವೊಂದನ್ನು ಕನ್ನಡದಲ್ಲಿಯೇ ಸಿದ್ಧಪಡಿಸಿ, ಎಲ್ಲರೂ ಪ್ರತಿ ಮಾಡಿಕೊಳ್ಳುವಂತೆ ಮುಕ್ತವಾಗಿಡುವ ಕಾರ್ಯವನ್ನು ಕನ್ನಡ ವಿಭಾಗಗಳೂ ಗ್ರಂಥಾಲಯ ವಿಜ್ಞಾನ ವಿಭಾಗಗಳೂ ಕೂಡಿ ಕೈಗೊಳ್ಳುವುದು ಉಚಿತ. ಕೆಲಸದ ವೇಳೆಯಲ್ಲಿಯೇ ಅದನ್ನು ಕಲಿಯಲು ನೌಕರರಿಗೆ ಸಮಯ ಕೊಡುವುದು ಆಡಳಿತದ ಹೊಣೆ. ಹಾಗಾದಲ್ಲಿ, ಮುಂದೆ ಬರೆಯುವ ಪ್ರಬಂಧಗಳ ಅರಿಕೆಯಲ್ಲಿ ಗ್ರಂಥಾಲಯದವರ ಹೆಸರನ್ನು ಹಿಡಿದು ವಂದಿಸಲು ಸಂಶೋಧಕರಿಗೆ ಸಾಕಷ್ಟು ಕಾರಣಗಳು ದೊರೆಯುವುವು.